ಮೂರನೆಯ ಕವಲಿನಲ್ಲಿ

ಬಟ್ಲಹಳ್ಳಿ ದಾರಿಯ ಎಲಚಿ ಮರದ ಮೂರು ಕಡ್ಡಿ
ಮೇಜಿನ ಮೇಲಿವೆ. ಕಜ್ಜಿ ಹತ್ತಿದ ಹಾಗೆ
ಮೈತುಂಬ ಕೆಂಗಂದು ಗುಬುಟು.
ಒಂದೊಂದು ಗುಬುಟಿನೊಳಗೂ ಒಬ್ಬಳು.

ಒಮ್ಮೆ ಕೂತಳೆಂದರೆ ಮತ್ತೆ ಏಳುವವಳಲ್ಲ.
ತೊಗಟೆಗೆ ಬಾಯಿ ನೆಟ್ಟು, ಕಾಲು ಕಳಚಿ,
ತನ್ನ ಮೈಯಿಂದಲೇ ಮನೆ ಇಳಿಸಿಕೊಂಡು
ಅದರೊಳಗೇ ಬಸುರಾಗಿ ಅಲ್ಲೇ ಮುಗಿಯುವವಳು.
ಹೆಸರು ಬೇಕೆಂದರೆ ಮೊದಲು ಮನೆ ಕರಗಿಸಬೇಕು.

ಮದ್ಯಸಾರದಲ್ಲಿ ಒಂದು ರಾತ್ರಿ.
ಬೆಳಿಗ್ಗೆ ಸೀಸೆಯಲ್ಲಿ ಕದಡಿದ ಕೆಂಪು.
ಅರಗು ಅರಗಿತು, ಅಂದೆ ಗಟ್ಟಿಯಾಗಿ.
ನಗುವುದಕ್ಕೆ ಯಾರೂ ಇರಲಿಲ್ಲ;
ಅಟೆಂಡರ್ ಮಸ್ತಾನ್ ಸಾಬಿ ಇನ್ನೂ ಬಂದಿರಲಿಲ್ಲ.

ಆಮೇಲೆ ಕ್ಷಾರದಲ್ಲಿ ಕುದಿಸಿ, ಒಳಗಿನದನ್ನೆಲ್ಲ
ಕುಂಚದಿಂದ ಒತ್ತಿ ಹೊರಹಾಕಿ, ಮೊಟ್ಟೆಯನ್ನೂ,
ಬಣ್ಣ ಕುಡಿಸಿ, ಲವಂಗದೆಣ್ಣೆಯಲ್ಲಿ ಅದ್ದಿ
ಗಾಜಿನ ಮೇಲೆ ಹರಡಿದರೆ, ಅವಳೆಂದರೆ ಇಷ್ಟೇ:
ಈರುಳ್ಳಿ ಸಿಪ್ಪೆಗಿಂತ ತೆಳುವಾದೊಂದು ಚೂರು.

ಹೋದ ವರ್ಷ ಕಟ್ಟಿದ ಕುಲ ಇದು.
ಹಳೆಯ ಕುಲದಿಂದ ಬಿಡಿಸಿ
ಬೇರೆ ಒಲೆ ಹೂಡಿಸಿದ್ದಾರೆ, ಅಷ್ಟೆ.
ನಾಲ್ಕು ಪ್ರಭೇದ. ಗುರುತಿನ ಕೀಲಿ ಒಂದೂವರೆ ಪುಟ.

ತೋಳು ಉದ್ದವೇ? ಹಾಗಾದರೆ ಎರಡಕ್ಕೆ ಹೋಗಿ.
ಹೋದೆ. ಬೆನ್ನಿನ ಮುಳ್ಳು ಬುಡದಲ್ಲಿ ಅಗಲವೇ?
ಮೂರಕ್ಕೆ ಹೋಗಿ. ಅಷ್ಟರಲ್ಲಿ ಚಿಂತಾಮಣಿಗೆಲ್ಲ ಕರೆಂಟು ಹೋಯಿತು.
ಕನ್ನಡಿ ತಿರುಗಿಸಿ ಕಿಟಕಿಯ ಬಿಸಿಲು ಹಿಡಿದೆ.
ತೋಳ ತುದಿಯ ತಟ್ಟೆಯಲ್ಲಿ ಗುಳಿ
ಆರಕ್ಕಿಂತ ಹೆಚ್ಚಾದರೆ ಒಂದು ಹೆಸರು,
ಆರಕ್ಕಿಂತ ಕಡಿಮೆಯಾದರೆ ಇನ್ನೊಂದು.

ಎಣಿಸಿದೆ. ಆರು.
ಮಸೂರ ಒರೆಸಿ ಎಣಿಸಿದೆ. ಆರೇ.
ಬಲಗಡೆಯ ತೋಳಲ್ಲಿ ಏಳೋ, ಧೂಳೋ.

ಕಡ್ಡಿ ಮುರಿಯುವಾಗ ತೋಟದ ಗಂಗುಲಪ್ಪ
ಬೀಡಿ ಆರಿಸಿ ಕೇಳಿದ್ದ: ಮೀರು ಎವರಮ್ಮಾ?
ಕಾಲೇಜಿನವಳು, ಅಂದೆ.
ಅದು ಸರಿ. ಯಾವ ಪೈಕಿ?
ಹುಳ ನೋಡುವವರ ಪೈಕಿ.
ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ,
ಮೂಗು, ಕಿವಿ, ಕೊರಳು, ಒಂದೊಂದಾಗಿ,
ಯಾವ ಕವಲಿಗೆ ಹೋಗಬೇಕೆಂದು ತಿಳಿಯದವನ ಹಾಗೆ.
ಆಮೇಲೆ ಏಣಿ ತಂದು ತಾನೇ ಹಿಡಿದುಕೊಂಡ.
ಮೇಲಿನ ಕೊಂಬೇದು ಬೇರೆ ಥರ ಕಣಮ್ಮ,
ಅದಕ್ಕೆ ಇರುವೆ ಹತ್ತಲ್ಲ.

ಇದು ಮೇಲಿನ ಕೊಂಬೆಯದು.
ಕೀಲಿಯ ಒಂದೂವರೆ ಪುಟ ಮತ್ತೆ ಓದಿದೆ.
ಇರುವೆಯ ಮಾತು ಎಲ್ಲೂ ಇಲ್ಲ.
ಸತ್ತು ತೊಳೆಸಿಕೊಂಡು ಬಂದವಳ ಹತ್ತಿರ
ಅದನ್ನು ಕೇಳುವುದು ಹೇಗೆ?

ಚೀಟಿ ಬರೆದೆ, ಪೆನ್ಸಿಲಿನಲ್ಲಿ. ಊರು, ಮರ, ತಾರೀಖು.
ಕುಲದ ಹೆಸರು. ಅದರ ಮುಂದೆ ಬೆರಳಗಲ ಖಾಲಿ.
ಕೆಳಗೆ ಸಣ್ಣಗೆ: ಇರುವೆ ಹತ್ತುವುದಿಲ್ಲ. ಹೇಳಿದ್ದು ಗಂಗುಲಪ್ಪ.

ಹೊರಗೆ ಸೈಕಲ್ಲು ಗೋಡೆಗೆ ಒರಗಿದ ಸದ್ದು.
ಮಸ್ತಾನ್ ಸಾಬಿ ಬಾಗಿಲಲ್ಲೇ ನಿಂತು
ಲವಂಗದ ಗಾಳಿ ಮೂಸಿ ಕೇಳಿದ:
ಯಾರಿಗೆ ಮೇಡಂ, ಹಲ್ಲುನೋವು?