ಮೌಸ್ ಮುಟ್ಟಬೇಡ

ನಮ್ಮ ಕಚೇರಿಯ ಆ ಬೂದು ಪೆಟ್ಟಿಗೆಯ
ಹೊಟ್ಟೆಯೊಳಗೆ ಏನೂ ಇರಲಿಲ್ಲ.
ಕೆಟ್ಟ ಹಾರ್ಡ್‌ಡಿಸ್ಕನ್ನು ಯಾರೋ ಕಿತ್ತು ಹಾಕಿದ್ದರು.
ಒಂದು ಫ್ಲಾಪಿ ಉಣಿಸಿದರೆ ಗೊರಗೊರ ಎಂದು ಎದ್ದು
ಕಡಲಾಚೆಗೆ ಕೈ ಚಾಚುತ್ತಿತ್ತು.
ಕೂಡಿ ಕಳೆದು ನಾಳಿನ ಗಾಳಿಯ ಗುಣ ಹೇಳುವ ಯಂತ್ರ
ಇದ್ದದ್ದು ಕೋಪನ್‌ಹೇಗನ್ನಿನ ಯಾವುದೋ ನೆಲಮಾಳಿಗೆಯಲ್ಲಿ.
ಟೋರ್ಶಾವ್ನ್‌ನಲ್ಲಿ, ಬಂದರಿನ ಮೇಲಿನ ಈ ಕೋಣೆಯಲ್ಲಿ,
ನಮಗೆ ಸಿಗುತ್ತಿದ್ದದ್ದು ಅದರ ಮುಖ ಮಾತ್ರ.
ಕನ್ನಡಿಯೊಳಗಿನ ಗಂಟು.

ಆ ಮುಖವೂ ಒಮ್ಮೆಗೇ ಬರುತ್ತಿರಲಿಲ್ಲ.
ಮೊದಲು ಚೌಕಟ್ಟಿನ ಮೇಲಂಚು,
ಆಮೇಲೆ ಹೆಸರಿನ ಪಟ್ಟಿ,
ಆಮೇಲೆ, ಕಾಫಿ ಆರುವಷ್ಟು ಹೊತ್ತಿಗೆ,
ಐಸ್‌ಲ್ಯಾಂಡಿನ ಕೆಳಗೆ ಒತ್ತಡದ ಗೆರೆಗಳು
ಕೊಯ್ದಿಟ್ಟ ಈರುಳ್ಳಿಯಂತೆ ಒಂದರೊಳಗೊಂದು.

ನಾನು ಹೊಸಬ. ತಡವಾದರೆ ಪೆಟ್ಟಿಗೆಯ ತಲೆಗೆ ಮೊಟಕುತ್ತಿದ್ದೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವನನ್ನು ಕಂಡಂತೆ
ನನ್ನನ್ನು ನೋಡುತ್ತಿದ್ದಳು ಟೂರಿಡ್.
ಕೈಪಿಡಿ ಓದುತ್ತ ಒಮ್ಮೆ ಜೋರಾಗಿ ನಕ್ಕಳು:
"ಕೇಳು ಹಾನುಸ್, ಈ ಲೆಕ್ಕದಲ್ಲಿ ಸರ್ವರ್ ಅಂದರೆ
ಇಲ್ಲಿರುವ ಈ ಬಡಪಾಯಿ.
ನೆಲಮಾಳಿಗೆಯ ದೊಡ್ಡಪ್ಪ ಬರೀ ಗಿರಾಕಿ,
ಬಾಗಿಲು ತಟ್ಟಿ ಕೇಳಬೇಕು, ಒಂದು ಗೆರೆ ಎಳೆಯಲೇ ಅಂತ.
ಕೋಪನ್‌ಹೇಗನ್ ನಮ್ಮನ್ನು ಕೇಳಿ ಮಾಡುವ ಕೆಲಸ
ಬಹುಶಃ ಇದೊಂದೇ."

ನವೆಂಬರಿನ ಮಂಗಳವಾರ. ನಾಲ್ಕೂವರೆಗೆಲ್ಲ ಕತ್ತಲು.
ನಡುರಾತ್ರಿಯ ಅಲೆಗಳ ನಕ್ಷೆ
ಕೊನೆಯ ಗೆರೆಯವರೆಗೂ ಬಂದು ಕೂತಿತು,
ತಂತಿ ಸತ್ತಿತು.
ಯಾವ ಟ್ರಾಲರಿನ ಲಂಗರೋ, ಯಾವ ಬಂಡೆಯೋ,
ಕಡಲ ತಳದ ಸುದ್ದಿ ಯಾರಿಗೆ ಗೊತ್ತು.
ಪರದೆಯ ಮೇಲೆ ಮಾತ್ರ ಏನೂ ಆಗಿರಲಿಲ್ಲ,
ಮೂಲೆಯ ಗಡಿಯಾರ ನಿಂತದ್ದನ್ನು ಬಿಟ್ಟರೆ.

ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು.
"ಮೌಸ್ ಮುಟ್ಟಬೇಡ!"
ಅವಳಿಗೆ ಆ ದನಿ ಇದೆಯೆಂದೇ ನನಗೆ ತಿಳಿದಿರಲಿಲ್ಲ.

ಪೆಟ್ಟಿಗೆಗೆ ನೆನಪಿಲ್ಲ.
ಒಂದು ಕಿಟಕಿಯ ಮೇಲೆ ಇನ್ನೊಂದು ಜರುಗಿದರೆ
ಕೆಳಗೇನಿತ್ತೆಂಬುದನ್ನು ಮರೆತೇಬಿಡುತ್ತದೆ,
ಸರಿಸಿದೊಡನೆ ಆಚೆ ದಡಕ್ಕೆ ಕೂಗುತ್ತದೆ:
ಇಲ್ಲಿ ಬಯಲಾಗಿದೆ, ಮತ್ತೆ ಬರೆ.
ದಿನಕ್ಕೆ ಸಾವಿರ ಸಲ ಕೂಗಿ, ಸಾವಿರ ಸಲ ಉತ್ತರ ಬಂದು,
ಎಲ್ಲ ಇಲ್ಲೇ ಇದೆಯೆಂದು ನಂಬಿದ್ದೆ ನಾನು.
ಈಗ ಓಗೊಡಲು ಯಾರಿದ್ದಾರೆ?
ಸವರಿದಷ್ಟಗಲ ಬಿಳುಪು.

ಸುಮ್ಮನೆ ಬಿಟ್ಟರೂ ಉಳಿಗಾಲವಿಲ್ಲ,
ಹತ್ತು ನಿಮಿಷಕ್ಕೆ ಪರದೆ ತಾನೇ ಕಪ್ಪಾಗುವ ಏರ್ಪಾಡು.
ಏನನ್ನೂ ಬರೆಯದ ಶಿಫ್ಟ್ ಕೀಲಿಯೊಂದನ್ನು
ಆಗಾಗ ಒತ್ತುವ ಕೆಲಸ ನನಗೆ ಬಂತು,
ಜ್ವರದ ಮಗುವಿನ ಹಣೆ ಮುಟ್ಟಿ ನೋಡಿದಂತೆ.
ಟೂರಿಡ್ ತನ್ನ ಬುತ್ತಿಯ ಬೆಣ್ಣೆಕಾಗದ ಬಿಚ್ಚಿದಳು,
ಒಣಮಾಂಸದ ವಾಸನೆ ಕೋಣೆ ತುಂಬ.
ಉಬ್ಬುಗಾಜಿಗೆ ಅಂಟಿಸಿ, ಉಸಿರು ಹಿಡಿದು,
ಗೆರೆಯ ಮೇಲೆ ಗೆರೆ ಪೆನ್ಸಿಲಿನಲ್ಲಿ ತಿದ್ದತೊಡಗಿದಳು,
ಅಕ್ಷರ ಕಲಿಯುವವಳ ಹಾಗೆ.

ಮೇಜು ಒರೆಸಲು ಬಿಲ್‌ಹಿಲ್ಡ್ ಬಟ್ಟೆ ಹಿಡಿದು ಬಂದಳು.
ಇಬ್ಬರೂ ಒಟ್ಟಿಗೆ ಕಿರುಚಿದೆವು.
ಹೊರಗಿದ್ದ ನಾಲ್ಕು ದೋಣಿಗಳಲ್ಲೊಂದರಲ್ಲಿ ಅವಳ ತಮ್ಮ.
ಅದನ್ನವಳು ಹೇಳಲಿಲ್ಲ.
ಬಟ್ಟೆ ಹೆಗಲಿಗೆ ಹಾಕಿಕೊಂಡು
ಕಾಗದದ ಒಂದು ಮೂಲೆ ಹಿಡಿದು ನಿಂತಳು.

ಆರು ಗಂಟೆಗೆ ರೇಡಿಯೋದಲ್ಲಿ ಓದಿದಳು ಟೂರಿಡ್:
ಇಲ್ಲಿ ಐದು ಮೀಟರ್, ಇಲ್ಲಿ ಒಂಬತ್ತು,
ಸುವುರೈ ದ್ವೀಪದ ಪಶ್ಚಿಮಕ್ಕೆ ತಲೆ ಹಾಕಲೇಬೇಡಿ.
"ಅದರ ಕೆಳಗೆ?" ಕರಕರ ಸದ್ದಿನೊಳಗಿಂದ ಯಾರೋ ಕೇಳಿದರು.
ಅವಳು ಕಾಗದವನ್ನು ದೀಪಕ್ಕೆ ಹಿಡಿದಳು.
"ಅಲ್ಲಿ ಬೆಣ್ಣೆಯ ಕಲೆ. ಗೊತ್ತಿಲ್ಲ.
ಗೊತ್ತಿಲ್ಲದ ಕಡೆ ಹೋಗಬೇಡಿ."

ಮೂರನೆಯ ದಿನ ತಂತಿ ಜೀವ ಹಿಡಿಯಿತು.
ಹಳೆಯ ಕಿಟಕಿಗಳು ಸದ್ದಿಲ್ಲದೆ ಮಾಯವಾಗಿ
ಹೊಸ ಚೌಕಟ್ಟಿನ ಮೇಲಂಚು ಬಂತು,
ಆಮೇಲೆ ಹೆಸರಿನ ಪಟ್ಟಿ.
ದೋಣಿಗಳು ಅದಕ್ಕೂ ಮುಂಚೆ ಬಂದಿದ್ದವು.

ಬಿಲ್‌ಹಿಲ್ಡ್ ಈಗಲೂ ದಿನವೂ ಬರುತ್ತಾಳೆ.
ಕಿಟಕಿ, ಕಪಾಟು, ಬಾಗಿಲ ಹಿಡಿ, ಎಲ್ಲ ಫಳಫಳ.
ಆ ಮೌಸಿನ ಸುತ್ತ ಮಾತ್ರ ಒಂದು ಅಂಗೈಯಗಲ
ಧೂಳು.