ಅರ್ಧ ಬರೆದ ಮೊಟ್ಟೆ

ಖಾರ್ಕಿವಿನಿಂದ ನಾನು ತಂದದ್ದು ಮೂರೇ:
ಪಾಸ್‌ಪೋರ್ಟು, ಹಲ್ಲು ಮುರಿದ ಬಾಚಣಿಗೆ,
ಉಣ್ಣೆಯ ಕಾಲುಚೀಲದೊಳಗೊಂದು ಹಸಿ ಮೊಟ್ಟೆ.
ಅಂಗರಚನೆಯ ದಪ್ಪ ಪುಸ್ತಕ ಅಲ್ಲೇ ಉಳಿಯಿತು,
ಗಾಜು ಒಡೆದ ಕಿಟಕಿಗೆ ಅಡ್ಡವಾಗಿ.

ಮೊಟ್ಟೆ ಕೊಟ್ಟವಳು ಮನೆಯೊಡತಿ ಪರಸ್ಕ.
ನೆಲಮಾಳಿಗೆಯಲ್ಲಿ, ಮೇಲೆ ಏನೋ ಬಿದ್ದು
ಆಲೂಗಡ್ಡೆ ಮೂಟೆಗಳು ಅಲುಗಿದಾಗಲೆಲ್ಲ
ಕೈ ಎತ್ತಿ ಹಿಡಿಯುತ್ತಿದ್ದಳು,
ನಿಂತ ಮೇಲೆ ಮತ್ತೆ ಅದೇ ಗೆರೆಗೆ ಇಳಿಯುತ್ತಿದ್ದಳು.
ಮೇಣದಬತ್ತಿಯಲ್ಲಿ ಕಾಯಿಸಿದ ಪುಟ್ಟ ಹಿತ್ತಾಳೆ ಮೂತಿ,
ಅದರಿಂದ ಇಳಿವ ಕರಿಮೇಣದ ಎಳೆ.
ಒಂದು ಜಿಂಕೆ. ಒಂದು ಏಣಿ. ಸುತ್ತಲೂ ತುದಿಯಿಲ್ಲದ ಅಲೆ.
ಚಿತ್ರ ಬಿಡಿಸ್ತೀರಾ, ನನ್ನ ಹರಕು ಭಾಷೆಯಲ್ಲಿ ಕೇಳಿದರೆ
"ಬಿಡಿಸುವುದಲ್ಲ ಹುಡುಗಿ, ಬರೆಯುವುದು" ಅಂದಳು.
ವರ್ಷವರ್ಷ ಸಾಕಷ್ಟು ಮೊಟ್ಟೆ ಬರೆದರೆ
ಬೆಟ್ಟದಡಿಯ ಹಾವಿನ ಸರಪಳಿ ಬಿಗಿಯಾಗಿಯೇ ಇರುತ್ತದಂತೆ.
"ಹೋದ ವರ್ಷ ಲೆಕ್ಕ ತಪ್ಪಿದೆವೇನೋ," ನಕ್ಕಳು;
ನಗುವಾಗ ಮೇಣ ಒಂದು ಹನಿ ಜಾಸ್ತಿ ಬಿತ್ತು.

ಹಳದಿಯಲ್ಲಿ ಅದ್ದಿಯಾಗಿತ್ತು. ಕೆಂಪು ಬಾಕಿ, ಕಪ್ಪು ಬಾಕಿ.
ರೈಲಿನ ಸುದ್ದಿ ಬಂತು. "ಒಯ್ಯಿ" ಅಂದಳು,
"ಮುಗಿದ ಮೇಲೆ ಕೊಡೋಣ ಅಂತಿದ್ದೆ."

ಸಾಗರದ ಹೊರಗೆ, ಮುಳುಗಡೆಯವರ ಕೇರಿಯಲ್ಲಿ
ಅಜ್ಜಿ ಗುತ್ಯಮ್ಮ ಅದನ್ನು ಬೆಳಕಿಗೆ ಹಿಡಿದಳು.
ಮೊದಲು ನೋಡಿದ್ದು ಒಳಗೆ ಮರಿ ಕಟ್ಟಿದೆಯೇ ಎಂದು,
ಆಮೇಲೆ ಎಳೆ.
ಉಗುರೂ ತಾಗಿಸದೆ ಎಣಿಸಿದಳು.
"ಹೆಂಗಸಿಗೆ ಕೈ ಇದೆ. ನಡುಗಿದ್ದು ಒಂದೇ ಕಡೆ."

ಅವಳೂ ಬರೆಯುವವಳೇ. ಮದುವೆ ಮನೆಗಳ ಹಸೆಗೋಡೆ,
ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು,
ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ.
ಬಣ್ಣ ಹಚ್ಚುತ್ತೀಯಾ ಅಂದವರ ಮೇಲೆ ಸಿಟ್ಟು.
ಬರೆಯುವುದು. ನಮ್ಮ ಮಾತಿನಲ್ಲಿ ಬರೆ ಅಂದರೆ
ಅಕ್ಷರವೂ ಹೌದು, ಹಸೆಯೂ ಹೌದು,
ಕಾದ ಕಬ್ಬಿಣ ಚರ್ಮದ ಮೇಲೆ ಬಿಟ್ಟ ಗುರುತೂ ಹೌದು.
ಪರಸ್ಕಳಿಗೆ ಇದನ್ನು ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ.

ಶರಾವತಿ ಹಿನ್ನೀರು ಏರಿದ ವರ್ಷ
ಅಜ್ಜಿಯ ಅವ್ವ ಲಾರಿಗೆ ಹೇರಿದ್ದು ಒನಕೆ, ಹಂಡೆ, ಎರಡು ಬಾಗಿಲು.
ಗೋಡೆ ಲಾರಿ ಹತ್ತುವುದಿಲ್ಲ.
"ಮುಳುಗುತ್ತೆ ಅಂತ ಗೊತ್ತಿದ್ದೂ ಹೊಸದಾಗಿ ಸಾರಿಸಿದಳು.
ನೀರಿಗೆ ಖಾಲಿ ಗೋಡೆ ಕೊಡಬಾರದು ಅಂತ
ಹಿಂದಿನ ರಾತ್ರಿ ಇಡೀ ಬರೆದಳು.
ನಾನು ಚಿಮಣಿ ಹಿಡಿದು ನಿಂತಿದ್ದೆ."
ಇಷ್ಟು ವರ್ಷ ನಮಗ್ಯಾರಿಗೂ ಹೇಳಿರದ ಮಾತು.
ಮೊಟ್ಟೆಯ ಜೊತೆ ಮಾತಾಡುವ ಹಾಗೆ ಹೇಳಿದಳು.

"ಕೆಂಪಿಗೆ ನಮ್ಮ ಮಣ್ಣಿದೆಯಲ್ಲ, ಮುಗಿಸೋಣ್ವಾ?" ಅಂದೆ.
"ಥೂ, ಇನ್ನೊಬ್ಬರ ಎಳೆಗೆ ಕೈ ಹಾಕ್ತಾರಾ?
ಅವಳೇನು ಸತ್ತಿದ್ದಾಳಾ?"
ನನಗೆ ಗೊತ್ತಿರಲಿಲ್ಲ. ಮೂರು ವಾರದಿಂದ ಫೋನು ಹೋಗುತ್ತಿರಲಿಲ್ಲ.

ಮೊಟ್ಟೆ ಉಪ್ಪಿನ ಮರಿಗೆಯ ಪಕ್ಕದ ಗೂಡಿನಲ್ಲಿ ಕೂತಿತು.
ಅಪ್ಪ ದಿನಕ್ಕೆರಡು ಸಲ ಮೂಸಿ ನೋಡುತ್ತಾನೆ,
ಸೆಕೆಗೆ ಒಡೆದರೆ ಇಡೀ ಕೇರಿ ಓಡಬೇಕು ಅಂತ.

ಒಂದು ಬೆಳಿಗ್ಗೆ ಎದ್ದು ನೋಡಿದರೆ
ಅಜ್ಜಿಯ ಕೈಯಲ್ಲಿ ನಾಟಿಕೋಳಿಯ ಮೊಟ್ಟೆ,
ಸಾರಿಸಿದ ಗೋಡೆಯದೇ ಮಾಸಲು ಕೆಂಪು.
ಅದರ ಮೇಲೆ ಅಕ್ಕಿಯ ಬಿಳಿಯಲ್ಲಿ ಬಾಸಿಂಗ, ಒಂದು ಏಣಿ.
ಗೋಡೆಗೆ ಪಳಗಿದ ಕೈ, ದುಂಡಗೆ ಜಾರುವ ನೆಲ;
ಎರಡು ಒಡೆದು ಆಮ್ಲೆಟ್ ಆದವು.
ಮೂರನೆಯದರ ಫೋಟೋ ತೆಗೆದು ಕಳಿಸು ಅಂದಳು.
ಯಾರಿಗೆ ಅಂತ ನಾನು ಕೇಳಲಿಲ್ಲ.

ಒಂಬತ್ತನೆಯ ದಿನ ದನಿ ಬಂತು.
ಯಾವುದೋ ಹಳ್ಳಿ, ತಂಗಿಯ ಮನೆ.
ಪರಸ್ಕ ಬೈಯುತ್ತಿದ್ದಳು: ಬುಡದ ಎಳೆ ಸೊಟ್ಟ,
ತಿರುಗಿಸಬೇಕಾದ್ದು ಮೊಟ್ಟೆಯನ್ನು, ಕೈಯನ್ನಲ್ಲ.
ಮೂಗು ಒರೆಸಿಕೊಂಡು ನಾನು ಕನ್ನಡಕ್ಕೆ ತರುವ ಮೊದಲೇ
ಅಜ್ಜಿ ಕೈ ಅಡ್ಡ ಹಿಡಿದಳು: ಸುಮ್ಮನಿರು, ಇನ್ನೊಂದು ಸಲ ಹಾಕು.
ಮಾತಿನ ಹಿಂದೆ, ಅಂಗಳದಾಚೆ ಎಲ್ಲೋ,
ಆಗತಾನೇ ಮೊಟ್ಟೆಯಿಟ್ಟ ಕೋಳಿಯ ಕೂಗು.
"ಅವಳ ಹತ್ತಿರ ಕೋಳಿ ಇದೆ," ಅಂದಳು
ಸೆರಗಿಗೆ ಕೈಯ ಬಿಳಿ ಒರೆಸುತ್ತ.
"ಹಾಗಾದ್ರೆ ತೊಂದರೆ ಇಲ್ಲ ಬಿಡು."