ಹೆಪ್ಪು

ಟಮಕದ ಲ್ಯಾಬಿನಲ್ಲಿ ಫ್ಲಾಸ್ಕು ತೊಳೆಯುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷ.
ಚಪ್ಪಲಿ ಬಾಗಿಲಾಚೆ, ಒಳಗೆ ಸ್ಪಿರಿಟ್ಟಿನ ವಾಸನೆ,
ಹಗಲೂ ರಾತ್ರಿ ತೂಗುವ ಯಂತ್ರದ ಮೇಲೆ
ಮಾಲೂರು ಕಡೆಯ ಕ್ಯಾರೆಟ್ಟಿನ ಜೀವಕೋಶಗಳು,
ತೆಳ್ಳಗೆ ಕದಡಿದ ಗಂಜಿ.

ಹೂವಿಲ್ಲ, ದುಂಬಿಯಿಲ್ಲ, ಬೀಜದ ಸುದ್ದಿಯೇ ಇಲ್ಲ.
ಆದರೂ ಯಾವುದೋ ಒಂದಕ್ಕೆ ನೆನಪಾಗುತ್ತದೆ
ತಾನೂ ಗಿಡವಾಗಬಹುದೆಂದು.
ಮೊದಲು ಗುಂಡು,
ಆಮೇಲೆ ಹೃದಯ,
ಆಮೇಲೆ ನೂಲುವ ಕದಿರು:
ಜಾಹ್ನವಿ ಮೇಡಂ ಬೆರಳಲ್ಲಿ ಬರೆದು ತೋರಿಸಿದ್ದರು
ನನ್ನ ಒದ್ದೆ ಅಂಗೈ ಮೇಲೆ.

ಹನ್ನೊಂದನೇ ಫ್ಲಾಸ್ಕಿನವು ಗುಂಡಿಗೇ ನಿಂತವು.
ಸಾಸಿವೆಗಿಂತ ಸಣ್ಣವು. ಸಾಯಲೂ ಇಲ್ಲ,
ಮುಂದಕ್ಕೂ ಇಲ್ಲ.
ಚೆಲ್ಲಿಬಿಡಲಾ ಅಂದೆ.
ಮೇಡಂ ಪಕ್ಕದ ಫ್ಲಾಸ್ಕಿನ ಹಳೇ ನೀರನ್ನು
ಒಂದು ಕೋಶವೂ ದಾಟದ ಹಾಗೆ ಸೋಸಿ
ಇದಕ್ಕೆ ಬಿಟ್ಟರು,
ಕಾದಾರಿದ ಹಾಲಿಗೆ ಬಿಡುವಷ್ಟೇ.

ಏನಿದೆ ಮೇಡಂ ಆ ನೀರಲ್ಲಿ?
ಗೋಡೆ, ಅಂದರು.

ಪ್ರತಿ ಕೋಶಕ್ಕೂ ಗೋಡೆಯಂತೆ.
ಗೋಡೆಯಿಂದ ಉದುರುವ ಪ್ರೋಟೀನಂತೆ,
ಅದರ ಮೈತುಂಬ ಸಕ್ಕರೆಯ ಕವಲು, ಕವಲಿಗೊಂದು ಕವಲು.
ಅದನ್ನು ಹಿಡಿದು ಕಟ್ಟಿಹಾಕುವ ಕೆಂಪು ಬಣ್ಣವೊಂದಿದೆ,
ಹಾಕಿದರೆ ಚೆನ್ನಾಗಿದ್ದವೂ ನಿಂತುಬಿಡುತ್ತವೆ.
(ಆ ಫ್ಲಾಸ್ಕನ್ನು ಮೂರು ಸಲ ತೊಳೆದಿದ್ದೇನೆ,
ಉಗುರಿನ ಸಂದಿ ಶನಿವಾರದವರೆಗೂ ಕೆಂಪಗಿತ್ತು.)
ಯಾಕೆ ಹೀಗೆ ಅಂದರೆ
ಪೂರ್ತಿ ಗೊತ್ತಿಲ್ಲ ನಾರಾಯಣಮ್ಮಾ, ಅಂದರು.
ಜಾಲಿಮರದ ಗೋಂದು ಇದರದೇ ಜಾತಿ.

ಗೋಂದು ನನಗೆ ಗೊತ್ತು.
ಅಂತರಗಂಗೆ ಬೆಟ್ಟದ ಬುಡದಲ್ಲಿ ಮುಳ್ಳು ಚುಚ್ಚಿಸಿಕೊಂಡು
ಬಿಡಿಸಿ ತಂದು, ಗಾಳಿಪಟಕ್ಕೆ ಮೆತ್ತಿ
ಉಳಿದದ್ದನ್ನು ನೆಕ್ಕಿದವಳು ನಾನು.
ಆಮೇಲೊಮ್ಮೆ,
ಮೂರನೇ ತಿಂಗಳಲ್ಲಿ ನನ್ನೊಳಗಿನದು ನಿಂತುಹೋದಾಗ,
ಯಾರೂ ಬಾಣಂತಿ ಅನ್ನದ ಆ ವಾರದಲ್ಲಿ,
ಕಾಂಪೌಂಡ್ ಗೋಡೆಯ ಮೇಲಿಂದ ಶಂಶಾದ್ ಬೀ
ಗೋಂದಿನ ಲಾಡು ದಾಟಿಸಿದ್ದಳು.
ತಿನ್ನಕ್ಕಾ, ಸೊಂಟ ಸೊಂಟವೇ ಅಲ್ಲವಾ.
ಹಲ್ಲಿಗೆ ಅಂಟಿದ್ದು ಎರಡು ದಿನ ಬಿಡಲಿಲ್ಲ.

ಒಂಬತ್ತನೇ ದಿನ ಮೇಡಂ ಕರೆದರು.
ಕೊಳವೆಗೆ ಕಣ್ಣಿಟ್ಟೆ. ಬೆಳಕು, ನೀರು, ನನ್ನದೇ ರೆಪ್ಪೆ.
ಆಮೇಲೆ ಕಂಡವು:
ಕೆಲವಕ್ಕೆ ನೆತ್ತಿಯಲ್ಲಿ ಸಣ್ಣ ತಗ್ಗು, ಎರಡು ಕಡೆ ಭುಜ.
ಎಣಿಸಿದೆ, ಹದಿನಾರು.
ಉಳಿದವು ಗುಂಡಾಗಿಯೇ ಇದ್ದವು.
ಮೇಡಂ ಎರಡನ್ನೂ ಬರೆದುಕೊಂಡರು.

ಮನೆಗೆ ಬಂದರೆ ಹೆಪ್ಪಿನ ಕುಡಿಕೆಯನ್ನು ಬೆಕ್ಕು ಉರುಳಿಸಿತ್ತು.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅನ್ನುತ್ತಾರೆ.
ಕರೆದೆ.
ಬಟ್ಟಲಿಟ್ಟೂ ಇಟ್ಟೂ ಗುಳಿಬಿದ್ದ ಜಾಗದಲ್ಲೇ
ಬಟ್ಟಲಿಟ್ಟು ಹೋದಳು ಶಂಶಾದ್ ಬೀ, ಸೀರಿಯಲ್ ನೋಡುತ್ತಿದ್ದಳಂತೆ.

ತಳಕ್ಕೆ ಗೋಡೆಯ ಸುಣ್ಣ ಹತ್ತಿತ್ತು.
ದಿನವೆಲ್ಲ ತೊಳೆದ ಕೈ ಇದು.
ಒರೆಸಲಿಲ್ಲ.